ಎಸ್‌ವಿಜಿ ಲೋಗೋ ಇಮೇಲ್‌ನಲ್ಲಿ ಸರಿಯಾಗಿ ಕಾಣಬೇಕೇ? ಪಿಎನ್‌ಜಿ ಮಾಡಿ, ಬೇಸ್64 ಆಗಿ ಸೇರಿಸುವ ಬಗೆ

ಕನ್‌ನಡ ರಾಜ್‌ಯೋತ್‌ಸವ.

ನಮ್ಮ ಅಪಾರ್ಟ್‌ಮೆಂಟಿನ ಕನ್ನಡ ಬಳಗದ ಕರೆಯೋಲೆ ಒಂದು ವರ್ಷ ಹೀಗೇ ಹೋಯಿತು. ಒತ್ತಕ್ಷರಗಳೆಲ್ಲ ಕಳಚಿಕೊಂಡು ಪಕ್ಕದಲ್ಲಿ ಸಾಲಾಗಿ ನಿಂತಿದ್ದವು. ಅದಕ್ಕೂ ಮೊದಲು ಅದೇ ತಲೆಬರಹವನ್ನು ಎಸ್‌ವಿಜಿ ಕಡತವಾಗಿಯೇ ಮೇಲ್‌ಗೆ ಸೇರಿಸಿ ಕಳಿಸಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಇತ್ತು. ಅರ್ಧ ಗಂಟೆಯಲ್ಲಿ ಫೋನು ಶುರು. "ಏನಪ್ಪಾ, ಮೇಲ್ಗಡೆ ಸುಮ್ನೆ ಒಂದು ಖಾಲಿ ಚೌಕ ಇದೆಯಲ್ಲ?" ಅಂತ ಮೂರನೇ ಮಹಡಿಯ ಅಜ್ಜ ಕೇಳಿದರು. ಗಾಬರಿಯಲ್ಲಿ ಯಾವುದೋ ಆನ್‌ಲೈನ್ ಪರಿವರ್ತಕಕ್ಕೆ ಕಡತ ಹಾಕಿ, ಬಂದ ಚಿತ್ರವನ್ನು ಸರಿಯಾಗಿ ನೋಡದೆ ಮತ್ತೆ ಕಳಿಸಿದೆ. ಆಗ ಹೋದದ್ದು ಮೇಲಿನ ಆ ಸಾಲು. ರಾಜ್ಯೋತ್ಸವದ ಕರೆಯೋಲೆಯಲ್ಲೇ 'ಕನ್ನಡ' ಅನ್ನುವ ಪದ ಮುರಿದು ಹೋದರೆ ಆಗುವ ಸಂಕಟ ಸಣ್ಣದಲ್ಲ.

ಆ ವರ್ಷದ ನಂತರ ಈ ಕೆಲಸವನ್ನು ಕೂತು ಕಲಿತೆ. ಲೋಗೋ, ಕರೆಯೋಲೆಯ ತಲೆಬರಹ, ಮೇಲ್‌ನ ಕೊನೆಯಲ್ಲಿ ಬರುವ ಸಹಿಯ ಚಿತ್ರ, ಎಲ್ಲಕ್ಕೂ ದಾರಿ ಒಂದೇ. ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶ ಯಾವುದೂ ಬೇಡ. ಇಂಕ್‌ಸ್ಕೇಪ್ ಅನ್ನುವ, ಚಿತ್ರ ಬರೆಯುವ ಉಚಿತ ತಂತ್ರಾಂಶ ಮತ್ತು ಒಂದು ಬ್ರೌಸರ್ ಇದ್ದರೆ ಸಾಕು.

ಎಸ್‌ವಿಜಿ ಯಾಕೆ ಕಾಣುವುದಿಲ್ಲ

ಎಸ್‌ವಿಜಿ ಅಂದರೆ ಚಿತ್ರವಲ್ಲ, ಚಿತ್ರ ಬರೆಯುವ ವಿಧಾನ. 'ಇಲ್ಲಿಂದ ಅಲ್ಲಿಗೆ ಗೆರೆ ಎಳಿ, ಇಷ್ಟು ಅಗಲದ ವೃತ್ತ ಹಾಕು, ಅದಕ್ಕೆ ಕೆಂಪು ತುಂಬು' ಅನ್ನುವ ಸೂಚನೆಗಳು ಅದರೊಳಗೆ ಅಕ್ಷರದಲ್ಲೇ ಬರೆದಿರುತ್ತವೆ. 2001ರಲ್ಲಿ ಅದು ವೆಬ್‌ನ ಅಧಿಕೃತ ಮಾನದಂಡವಾಯಿತು. ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ, ಆದ್ದರಿಂದ ವೆಬ್‌ಸೈಟುಗಳಿಗೆ ಹೇಳಿ ಮಾಡಿಸಿದ ಹಾಗಿದೆ.

ಇಮೇಲ್‌ನ ಲೋಕ ಬೇರೆ. ಜಿಮೇಲ್ ಮೇಲ್‌ನೊಳಗಿನ ಎಸ್‌ವಿಜಿಯನ್ನು ತೋರಿಸುವುದಿಲ್ಲ. ವಿಂಡೋಸ್‌ನ ಹಳೆಯ ಔಟ್‌ಲುಕ್ 2007ರ ಆವೃತ್ತಿಯಿಂದ ಮೇಲ್‌ಗಳನ್ನು ವರ್ಡ್‌ನ ಕಣ್ಣಿನಲ್ಲಿ ನೋಡುತ್ತದೆ, ಅಲ್ಲೂ ಇದು ನಡೆಯುವುದಿಲ್ಲ. ಐಫೋನ್ ಮತ್ತು ಮ್ಯಾಕ್‌ನ ಆ್ಯಪಲ್ ಮೇಲ್‌ನಂಥ ಕೆಲವು ಮಾತ್ರ ಚೆನ್ನಾಗಿ ತೋರಿಸುತ್ತವೆ. ಹಾಗಾಗಿ ಐಫೋನ್ ಇರುವವರು ತಮ್ಮ ಫೋನಿನಲ್ಲಿ ನೋಡಿ 'ಎಲ್ಲ ಸರಿ ಇದೆ' ಅಂದುಕೊಂಡುಬಿಡುತ್ತಾರೆ.

ತಡೆಯುವುದಕ್ಕೆ ಕಾರಣವೂ ಇದೆ. ಎಸ್‌ವಿಜಿಯೊಳಗೆ ಸ್ಕ್ರಿಪ್ಟ್, ಅಂದರೆ ತಾನಾಗಿ ಓಡುವ ಪುಟ್ಟ ಪ್ರೋಗ್ರಾಮು, ಬಚ್ಚಿಡಬಹುದು. ಚಿತ್ರ ಅಂದುಕೊಂಡು ತೆರೆದರೆ ಮೋಸದ ಲಾಗಿನ್ ಪುಟಕ್ಕೆ ಎಳೆದುಕೊಂಡು ಹೋಗುವ ಕಡತಗಳು ಈಚೆಗೆ ಜಾಸ್ತಿಯಾಗಿವೆ. 2025ರಲ್ಲಿ ಮೈಕ್ರೋಸಾಫ್ಟ್ ಕೂಡ ಔಟ್‌ಲುಕ್‌ನ ವೆಬ್ ಆವೃತ್ತಿ ಮತ್ತು ವಿಂಡೋಸ್‌ನ ಹೊಸ ಔಟ್‌ಲುಕ್‌ನಲ್ಲಿ ಮೇಲ್‌ನೊಳಗಿನ ಎಸ್‌ವಿಜಿ ತೋರಿಸುವುದನ್ನು ನಿಲ್ಲಿಸುವುದಾಗಿ ಹೇಳಿತು. ಮುಂದೆ ಸರಿಹೋಗಬಹುದು ಅಂತ ಕಾಯುವುದರಲ್ಲಿ ಅರ್ಥವಿಲ್ಲ. ಗೆರೆಯ ಚಿತ್ರವನ್ನು ಪಿಕ್ಸೆಲ್ ಚಿತ್ರ, ಅಂದರೆ ಬಣ್ಣದ ಚುಕ್ಕೆಗಳಿಂದಾದ ಪಿಎನ್‌ಜಿ ಕಡತ, ಮಾಡುವ ಕೆಲಸ ಕಳಿಸುವವರ ಕೈಯಲ್ಲೇ, ಕಳಿಸುವವರ ಕಣ್ಣೆದುರೇ ಮುಗಿಯಬೇಕು.

ಮೊದಲು ಅಕ್ಷರ: ಕರ್ವ್ಸ್ ಆಗಿದೆಯೇ ನೋಡಿ

ಕನ್ನಡದವರಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಇಂಗ್ಲಿಷ್ ಲೋಗೋ ಮಾಡುವವರಿಗೆ ಇದರ ಬಿಸಿ ಅಷ್ಟಾಗಿ ತಟ್ಟುವುದಿಲ್ಲ.

ಎಸ್‌ವಿಜಿಯೊಳಗೆ ಅಕ್ಷರ ಎರಡು ರೀತಿಯಲ್ಲಿ ಇರಬಹುದು. ಒಂದು, ಟೈಪ್ ಮಾಡಿದ ಪಠ್ಯವಾಗಿಯೇ. ಆಗ ಕಡತದಲ್ಲಿ ಇರುವುದು ಅಕ್ಷರಗಳ ಸಾಲು ಮತ್ತು ಫಾಂಟಿನ ಹೆಸರು ಮಾತ್ರ. ಫಾಂಟು ಅದರ ಜೊತೆ ಬರುವುದಿಲ್ಲ. ಇನ್ನೊಂದು, ಅಕ್ಷರದ ಆಕಾರವನ್ನೇ ಗೆರೆಗಳಾಗಿ ಬದಲಿಸಿದ್ದು. ಪ್ರೆಸ್ಸಿನವರು 'ಕರ್ವ್ಸ್ ಮಾಡಿ ಕಳಿಸಿ ಸಾರ್' ಅನ್ನುತ್ತಾರಲ್ಲ, ಅದೇ ಇದು.

ಯಾವುದು ಅಂತ ತಿಳಿಯುವುದು ಸುಲಭ. ಎಸ್‌ವಿಜಿ ಕಡತವನ್ನು ಬ್ರೌಸರಿಗೆ ಎಳೆದು ಬಿಡಿ. ಅಕ್ಷರಗಳ ಮೇಲೆ ಮೌಸ್ ಒತ್ತಿ ಎಳೆಯಿರಿ. ಪಠ್ಯ ಆಯ್ಕೆಯಾಗಿ ನೀಲಿ ಬಣ್ಣ ಬಂದರೆ ಅದು ಟೈಪ್ ಮಾಡಿದ ಅಕ್ಷರ. ಏನೂ ಆಯ್ಕೆಯಾಗದಿದ್ದರೆ ಕರ್ವ್ಸ್.

ಟೈಪ್ ಮಾಡಿದ ಕನ್ನಡದಲ್ಲಿ ತೊಂದರೆ ಎಲ್ಲಿ ಬರುತ್ತದೆ ನೋಡಿ. 'ನ್ನ' ಅನ್ನುವುದು ಯೂನಿಕೋಡ್‌ನಲ್ಲಿ ಒಂದು ಅಕ್ಷರವಲ್ಲ. ನಕಾರ, ಅದರ ಸ್ವರ ತೆಗೆಯುವ ಹಲಂತ ಚಿಹ್ನೆ, ಮತ್ತೆ ನಕಾರ, ಹೀಗೆ ಮೂರು ಬಿಡಿ ಸಂಕೇತಗಳು. ಮೂರನ್ನೂ ಕೂಡಿಸಿ, ಎರಡನೇ ನಕಾರವನ್ನು ಕೆಳಗೆ ಒತ್ತಾಗಿ ಇಳಿಸುವ ಕೆಲಸವನ್ನು ತಂತ್ರಾಂಶ ಮಾಡಬೇಕು. ಬ್ರೌಸರುಗಳು ಮಾಡುತ್ತವೆ, ಇಂಕ್‌ಸ್ಕೇಪ್ ಮಾಡುತ್ತದೆ. ಆದರೆ ಕೆಲವು ಸಣ್ಣ ಪರಿವರ್ತಕಗಳಿಗೆ ಆ ಬುದ್ಧಿ ಇರುವುದಿಲ್ಲ. ಅವು ಸಂಕೇತಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಕೈ ತೊಳೆದುಕೊಳ್ಳುತ್ತವೆ. ನನ್ನ ಕರೆಯೋಲೆಗೆ ಆದದ್ದು ಅದೇ.

ನುಡಿ, ಬರಹ ತಂತ್ರಾಂಶಗಳ ಹಳೆಯ ಆ್ಯಸ್ಕಿ ಫಾಂಟುಗಳಲ್ಲಿ ಮಾಡಿದ ಲೋಗೋ ಇದ್ದರಂತೂ ಇನ್ನೂ ಕಷ್ಟ. ನಮ್ಮ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಅವು ಇಂದಿಗೂ ಬಳಕೆಯಲ್ಲಿವೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ಕನ್ನಡವೇ ಕಾಣುವುದಿಲ್ಲ. ತಲೆ ಮೇಲೆ ಗೀರು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಗಜಿಬಿಜಿ ಕಾಣುತ್ತದೆ.

ಹಾಗಾಗಿ ಲೋಗೋ ಬೇರೆಯವರಿಂದ ಬರುತ್ತಿದ್ದರೆ ಕರ್ವ್ಸ್ ಮಾಡಿಯೇ ಕಳಿಸಲು ಹೇಳಿ. ಕೋರೆಲ್‌ಡ್ರಾದಲ್ಲಿ ಅಕ್ಷರ ಆರಿಸಿ ಕಂಟ್ರೋಲ್ ಮತ್ತು ಕ್ಯೂ ಒತ್ತಿದರೆ ಆಯಿತು. ಇಲ್ಲಸ್ಟ್ರೇಟರ್‌ನಲ್ಲಿ 'ಕ್ರಿಯೇಟ್ ಔಟ್‌ಲೈನ್ಸ್'. ನೀವೇ ಇಂಕ್‌ಸ್ಕೇಪ್‌ನಲ್ಲಿ ಮಾಡುವುದಾದರೆ ಮೊದಲು ಕಡತದ ಇನ್ನೊಂದು ಪ್ರತಿ ಉಳಿಸಿಕೊಳ್ಳಿ. ಆ ಪ್ರತಿಯಲ್ಲಿ ಕಂಟ್ರೋಲ್ ಮತ್ತು ಎ ಒತ್ತಿ ಎಲ್ಲವನ್ನೂ ಆರಿಸಿ, 'ಪಾತ್' ಮೆನುವಿನಲ್ಲಿ 'ಆಬ್ಜೆಕ್ಟ್ ಟು ಪಾತ್' ಕ್ಲಿಕ್ ಮಾಡಿ. ಮಾಡಿದ ಮೇಲೆ ಪ್ರತಿಯೊಂದು ಒತ್ತಕ್ಷರವನ್ನೂ ದೊಡ್ಡದು ಮಾಡಿ ಓದಿ. ಇದರಲ್ಲಿ ಅವಸರ ಬೇಡ.

ನಿಮ್ಮದೇ ಯಂತ್ರದಲ್ಲಿ ಫಾಂಟು ಇದ್ದು, ಅಲ್ಲೇ ಪಿಎನ್‌ಜಿ ತೆಗೆಯುವುದಾದರೆ ಕರ್ವ್ಸ್ ಮಾಡದಿದ್ದರೂ ನಡೆಯುತ್ತದೆ. ಪರದೆ ಮೇಲೆ ಕಂಡದ್ದೇ ಚಿತ್ರದಲ್ಲೂ ಬರುತ್ತದೆ. ಆದರೂ ನಾನು ಮಾಡಿಬಿಡುತ್ತೇನೆ. ನಾಳೆ ಆ ಕಡತ ಯಾರ ಕೈಗೆ ಹೋಗುತ್ತದೋ ಏನೋ, ಅಲ್ವಾ?

ಅಳತೆ: ಕಾಣುವುದರ ಎರಡರಷ್ಟು

ಗೆರೆಯ ಚಿತ್ರಕ್ಕೆ ಅಳತೆಯ ಹಂಗಿಲ್ಲ. ಪಿಕ್ಸೆಲ್ ಚಿತ್ರಕ್ಕೆ ಇದೆ. ಒಮ್ಮೆ ತೆಗೆದ ಮೇಲೆ ಹಿಗ್ಗಿಸಿದರೆ ಮಸುಕಾಗುತ್ತದೆ. ಆದ್ದರಿಂದ ಮೇಲ್‌ನಲ್ಲಿ ಅದು ಎಷ್ಟು ಅಗಲ ಕಾಣಬೇಕು ಅಂತ ಮೊದಲೇ ನಿರ್ಧರಿಸಿ. ಮೇಲ್‌ಗಳ ಒಟ್ಟು ಅಗಲ 600 ಪಿಕ್ಸೆಲ್ ಇಟ್ಟುಕೊಳ್ಳುವುದು ವಾಡಿಕೆ. ಅದರಲ್ಲಿ ಲೋಗೋಗೆ 150ರಿಂದ 200 ಪಿಕ್ಸೆಲ್ ಸಾಕು. ಸಹಿಯ ಜೊತೆ ಬರುವ ಲೋಗೋಗೆ 100 ಇದ್ದರೂ ಆದೀತು.

ಈಗಿನ ಫೋನುಗಳ ಪರದೆ ಬಹಳ ನುಣುಪು. ಒಂದು ಪಿಕ್ಸೆಲ್ ಜಾಗದಲ್ಲಿ ಅಡ್ಡ ಎರಡು, ಉದ್ದ ಎರಡು ಅಥವಾ ಇನ್ನೂ ಹೆಚ್ಚು ನಿಜವಾದ ಚುಕ್ಕೆಗಳಿರುತ್ತವೆ. 200 ಅಗಲದ ಚಿತ್ರ ಅಲ್ಲಿ ಮಂಜಾಗಿ ಕಾಣುತ್ತದೆ. ಅದಕ್ಕೆ ಚಿತ್ರವನ್ನು 400 ಅಗಲಕ್ಕೆ ತೆಗೆದು, ಮೇಲ್‌ನಲ್ಲಿ 200 ಅಂತ ಅಗಲ ಹೇಳಬೇಕು. ಮೂರರಷ್ಟು ತೆಗೆಯುವವರೂ ಇದ್ದಾರೆ. ನನ್ನ ಅನುಭವದಲ್ಲಿ ಎರಡರಷ್ಟು ಸಾಕು. ಅಗಲ ದುಪ್ಪಟ್ಟಾದರೆ ಚುಕ್ಕೆಗಳು ನಾಲ್ಕು ಪಟ್ಟಾಗುತ್ತವೆ ಅನ್ನುವುದು ನೆನಪಿರಲಿ: 200ಕ್ಕೆ 200 ಅಂದರೆ 40,000 ಚುಕ್ಕೆ, 400ಕ್ಕೆ 400 ಅಂದರೆ 1,60,000.

ಇನ್ನೊಂದು ಮಾತು. ಬ್ಯಾನರಿಗಾಗಿ ಮಾಡಿದ ಲೋಗೋದಲ್ಲಿ ಸುತ್ತಲೂ ಸಣ್ಣ ಅಕ್ಷರದಲ್ಲಿ ಬಳಗದ ಪೂರ್ತಿ ಹೆಸರು, ಊರು, ಸ್ಥಾಪನೆಯ ವರ್ಷ ಎಲ್ಲ ಇರುತ್ತದೆ. 200 ಪಿಕ್ಸೆಲಿಗೆ ಇಳಿಸಿದಾಗ ಕನ್ನಡದ ಸುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒತ್ತುಗಳು ಕಪ್ಪು ಚುಕ್ಕೆಯಾಗುತ್ತವೆ. ಮೇಲ್‌ಗಾಗಿ ಆ ಸಣ್ಣ ಬರಹ ತೆಗೆದ ಒಂದು ಸರಳ ಲೋಗೋ ಮಾಡಿಕೊಳ್ಳಿ. ಬಳಗದ ಹಿರಿಯರನ್ನು ಒಪ್ಪಿಸುವುದು ಸ್ವಲ್ಪ ಕಷ್ಟ. ಎರಡನ್ನೂ ಫೋನಿನಲ್ಲಿ ಪಕ್ಕಪಕ್ಕ ತೋರಿಸಿ, ಒಪ್ಪುತ್ತಾರೆ.

ಪಿಎನ್‌ಜಿ ತೆಗೆಯುವುದು

ಇಂಕ್‌ಸ್ಕೇಪ್‌ನಲ್ಲಿ ಕರ್ವ್ಸ್ ಮಾಡಿದ ಪ್ರತಿಯನ್ನು ತೆರೆಯಿರಿ. ಎಲ್ಲವನ್ನೂ ಆರಿಸಿ, 'ಎಡಿಟ್' ಮೆನುವಿನಲ್ಲಿ 'ರಿಸೈಜ್ ಪೇಜ್ ಟು ಸೆಲೆಕ್ಷನ್' ಕೊಡಿ. ಆಗ ಹಾಳೆ ಲೋಗೋ ಅಳತೆಗೇ ಬಂದು ಕೂರುತ್ತದೆ. ಇದು ಮಾಡದಿದ್ದರೆ ಎ4 ಹಾಳೆಯ ನಡುವೆ ಒಂದು ಪುಟ್ಟ ಲೋಗೋ ಇರುವ ಚಿತ್ರ ಸಿಗುತ್ತದೆ.

ನಂತರ 'ಫೈಲ್' ಮೆನುವಿನಲ್ಲಿ 'ಎಕ್ಸ್‌ಪೋರ್ಟ್' ತೆರೆಯಿರಿ. ಬಲಗಡೆ ಒಂದು ಫಲಕ ಬರುತ್ತದೆ. ಅಲ್ಲಿ 'ಪೇಜ್' ಆರಿಸಿ. ಅಗಲದ ಜಾಗದಲ್ಲಿ 400 ಅಂತ ಬರೆಯಿರಿ, ಎತ್ತರ ತಾನಾಗಿ ಹೊಂದಿಕೊಳ್ಳುತ್ತದೆ. ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ) ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅದು ಮುದ್ರಣದವರ ಚಿಂತೆ. ಮೇಲ್‌ಗೆ ಬೇಕಾದದ್ದು ಪಿಕ್ಸೆಲ್ ಲೆಕ್ಕ ಮಾತ್ರ. ಬಗೆ ಪಿಎನ್‌ಜಿ ಅಂತ ಇರಲಿ. ಕಡತಕ್ಕೆ ಹೆಸರು ಕೊಟ್ಟು ಎಕ್ಸ್‌ಪೋರ್ಟ್ ಒತ್ತಿ.

ಜೆಪೆಗ್ ಯಾಕೆ ಬೇಡ ಅಂದರೆ, ಅದು ಫೋಟೋಗಳಿಗಾಗಿ ಮಾಡಿದ್ದು. ಕೆಂಪು ಅಕ್ಷರದ ಅಂಚಿನಲ್ಲಿ, ಹಳದಿ ಹಿನ್ನೆಲೆ ಸೇರುವ ಕಡೆ, ಕೊಳೆ ಹತ್ತಿದ ಹಾಗೆ ಕಲೆಗಳು ಬರುತ್ತವೆ. ಪಾರದರ್ಶಕ ಹಿನ್ನೆಲೆಯೂ ಅದರಲ್ಲಿ ಇಲ್ಲ. ವೆಬ್‌ಪಿ ಅನ್ನುವ ಇನ್ನೊಂದು ಬಗೆಯ ಚಿತ್ರ ಹಗುರ, ಆದರೆ ಹಳೆಯ ಔಟ್‌ಲುಕ್‌ಗೆ ಅರ್ಥವಾಗುವುದಿಲ್ಲ. ಲೋಗೋಗೆ ಪಿಎನ್‌ಜಿಯೇ ಸರಿ.

ಪಾರದರ್ಶಕ ಅಂದೆನಲ್ಲ, ಅದರಲ್ಲೂ ಒಂದು ಕುಣಿಕೆ ಇದೆ. ಹಿನ್ನೆಲೆ ಇಲ್ಲದ ಲೋಗೋದಲ್ಲಿ ಕಪ್ಪು ಅಕ್ಷರ ಇದ್ದರೆ, ಫೋನಿನಲ್ಲಿ ಡಾರ್ಕ್ ಮೋಡ್ ಹಾಕಿಕೊಂಡವರಿಗೆ ಕಪ್ಪಿನ ಮೇಲೆ ಕಪ್ಪು ಬೀಳುತ್ತದೆ. ಅಕ್ಷರವೇ ಮಾಯ. ಹಳದಿ, ಕೆಂಪು ಎರಡೇ ಇದ್ದರೆ ಅಷ್ಟು ತೊಂದರೆಯಿಲ್ಲ. ಕಪ್ಪೋ ಕಡುನೀಲಿಯೋ ಇದ್ದರೆ ಎರಡು ದಾರಿ: ಲೋಗೋ ಹಿಂದೆ ಒಂದು ಬಿಳಿ ಅಥವಾ ತಿಳಿ ಬಣ್ಣದ ಚೌಕ ಇಡಿ, ಇಲ್ಲವೇ ಅಕ್ಷರದ ಸುತ್ತ ತೆಳ್ಳಗೆ ಬಿಳಿ ಅಂಚು ಕೊಡಿ. ನಾನು ಮೊದಲನೆಯದನ್ನೇ ಮಾಡುತ್ತೇನೆ, ನಾಲ್ಕೂ ಕಡೆ ಸ್ವಲ್ಪ ಜಾಗ ಬಿಟ್ಟು. ಹಾಗೆ ಜಾಗ ಬಿಟ್ಟರೆ ಕೆಳಗೆ ಇಳಿದಿರುವ ಒತ್ತಕ್ಷರದ ಬಾಲ ಅಂಚಿಗೆ ತಾಗಿದಂತೆ ಕಾಣುವುದಿಲ್ಲ.

ಬಂದ ಪಿಎನ್‌ಜಿ ಎಷ್ಟು ದೊಡ್ಡದಿದೆ ನೋಡಿ. ಎರಡು ಮೂರು ಬಣ್ಣದ ಲೋಗೋ ಆದರೆ ಅದರ ಬಣ್ಣಗಳನ್ನು 256ಕ್ಕೆ ಇಳಿಸಿದರೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ತೂಕ ಮಾತ್ರ ಚೆನ್ನಾಗಿ ಇಳಿಯುತ್ತದೆ. ಪಿಎನ್‌ಜಿಕ್ವಾಂಟ್ ಅನ್ನುವ ಉಚಿತ ತಂತ್ರಾಂಶ ಇರುವುದೇ ಇದಕ್ಕೆ. ಬ್ರೌಸರಿನಲ್ಲೇ ಆಗಬೇಕು ಅಂದರೆ ಸ್ಕ್ವೂಶ್ ಇದೆ. ಅದು ಚಿತ್ರವನ್ನು ನಿಮ್ಮ ಯಂತ್ರದಲ್ಲೇ ಸಂಸ್ಕರಿಸುತ್ತದೆ, ಬೇರೆಲ್ಲಿಗೂ ಕಳಿಸುವುದಿಲ್ಲ. ಸಹಿ, ಸೀಲು, ಮದುವೆ ಕರೆಯೋಲೆಗಳನ್ನು ಗುರುತು ಪರಿಚಯ ಇಲ್ಲದ ಆನ್‌ಲೈನ್ ಪರಿವರ್ತಕಗಳಿಗೆ ಕೊಡಲೇಬೇಡಿ ಅಂತ ಕಳಕಳಿಯಿಂದ ಹೇಳುತ್ತೇನೆ.

ಬೇಸ್64: 'ಕ' ಅಕ್ಷರ ಹೇಗೆ ಹೋಗುತ್ತದೆ

ಇಮೇಲ್ ಹುಟ್ಟಿದ ಕಾಲದಲ್ಲಿ ಅದು ಸಾಗಿಸುತ್ತಿದ್ದದ್ದು ಸಾದಾ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳನ್ನು ಮಾತ್ರ. ಚಿತ್ರವನ್ನು ಹಾಗೇ ಹಾಕಿದರೆ ದಾರಿಯಲ್ಲಿ ಕೆಡುತ್ತಿತ್ತು. 1992ರಲ್ಲಿ ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಮೈಮ್ ಅನ್ನುವ ಪದ್ಧತಿ ತಂದರು. ಚಿತ್ರ, ಧ್ವನಿ, ಬೇರೆ ಭಾಷೆಯ ಬರಹ, ಎಲ್ಲವನ್ನೂ ಮೇಲ್‌ನಲ್ಲಿ ಸಾಗಿಸಲು ಒಂದು ಕ್ರಮ ಬಂತು. ಅದರಲ್ಲಿ ಬಳಸುವ ಒಂದು ಸಂಕೇತ ವಿಧಾನವೇ ಬೇಸ್64. ಯಾವ ಕಡತವನ್ನಾದರೂ 64 ಸುರಕ್ಷಿತ ಚಿಹ್ನೆಗಳಲ್ಲಿ ಬರೆಯುವುದು: ಇಂಗ್ಲಿಷಿನ ದೊಡ್ಡ ಅಕ್ಷರ 26, ಸಣ್ಣ ಅಕ್ಷರ 26, ಅಂಕಿ 10, ಜೊತೆಗೆ ಕೂಡಿಸುವ ಚಿಹ್ನೆ ಮತ್ತು ಓರೆ ಗೀಟು.

ಒಂದು ಅಕ್ಷರವನ್ನು ಹತ್ತಿರದಿಂದ ನೋಡೋಣ. 'ಕ' ಎನ್ನುವುದು ಯುಟಿಎಫ್-8ರಲ್ಲಿ (ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ವಿಧಾನ) ಮೂರು ಬೈಟ್: 224, 178, 149. ಸೊನ್ನೆ ಒಂದರಲ್ಲಿ ಬರೆದರೆ 11100000, 10110010, 10010101. ಒಟ್ಟು 24 ಬಿಟ್. ಇದನ್ನೇ ಆರಾರರಂತೆ ಕತ್ತರಿಸಿ: 111000, 001011, 001010, 010101. ಈಗ ನಾಲ್ಕು ತುಂಡುಗಳಾದವು. ಬೆಲೆ 56, 11, 10, 21. ಬೇಸ್64ರ ಪಟ್ಟಿಯಲ್ಲಿ ಈ ಸ್ಥಾನಗಳಲ್ಲಿ ಇರುವ ಚಿಹ್ನೆಗಳು 4, ಎಲ್, ಕೆ, ವಿ. ಅಷ್ಟೇ. ಮೂರು ಬೈಟಿನ 'ಕ' ನಾಲ್ಕು ಚಿಹ್ನೆಯಾಗಿ ಹೊರಟಿತು.

ಕನ್ನಡದ ಎಲ್ಲ ಅಕ್ಷರಗಳೂ 224ರಿಂದಲೇ ಶುರುವಾಗುತ್ತವೆ, ಎರಡನೇ ಬೈಟ್ 178 ಅಥವಾ 179. ಅದಕ್ಕೇ ಬೇಸ್64ರಲ್ಲಿ ಬಂದ ಕನ್ನಡ ಮೇಲ್‌ನ ಒಳಗನ್ನು ತೆರೆದು ನೋಡಿದರೆ '4, ಎಲ್, ಕೆ', '4, ಎಲ್, ಓ' ಅನ್ನುವ ಜೋಡಣೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಇದನ್ನು ಮೊದಲ ಸಲ ಗುರುತಿಸಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಗಜಿಬಿಜಿಯ ನಡುವೆ ನಮ್ಮ ಭಾಷೆಯ ಗುರುತು!

ಲೆಕ್ಕಕ್ಕೆ ಬರೋಣ. ಮೂರು ನಾಲ್ಕಾಗುತ್ತದೆ ಅಂದರೆ ತೂಕ ಮೂರನೇ ಒಂದು ಭಾಗ ಏರುತ್ತದೆ. ಮೈಮ್ ನಿಯಮದಂತೆ ಒಂದು ಸಾಲಿನಲ್ಲಿ 76 ಚಿಹ್ನೆಗಿಂತ ಜಾಸ್ತಿ ಇರಬಾರದು, ಪ್ರತಿ ಸಾಲಿನ ಕೊನೆಗೆ ಇನ್ನೆರಡು ಬೈಟ್. ನಿಮ್ಮ ಲೋಗೋ 12,000 ಬೈಟ್ ಇದ್ದರೆ ಬೇಸ್64ರಲ್ಲಿ 16,000, ಸಾಲು ಮುರಿದ ಮೇಲೆ 16,422. ಅಂದರೆ ಸುಮಾರು ಶೇಕಡಾ 37ರಷ್ಟು ಏರಿಕೆ. ಚಿತ್ರದ ತೂಕ ಮೊದಲೇ ಇಳಿಸಿ ಅಂದದ್ದು ಇದಕ್ಕೇ.

ಮೇಲ್‌ಗೆ ಸೇರಿಸುವ ಮೂರು ದಾರಿ

ಮೊದಲ ದಾರಿ, ಬೇಸ್64 ಸಾಲನ್ನು ಎಚ್‌ಟಿಎಂಎಲ್‌ನ (ಮೇಲ್ ಮತ್ತು ವೆಬ್ ಪುಟಗಳನ್ನು ಕಟ್ಟುವ ಭಾಷೆ) ಚಿತ್ರದ ಟ್ಯಾಗ್‌ನೊಳಗೇ ತುಂಬುವುದು. ಇದಕ್ಕೆ ಡೇಟಾ ಯುಆರ್‌ಐ ಅನ್ನುತ್ತಾರೆ. ಹುಡುಕಿದರೆ ಎಲ್ಲರೂ ಇದನ್ನೇ ಹೇಳಿಕೊಡುತ್ತಾರೆ, ವೆಬ್ ಪುಟಕ್ಕೆ ಇದು ಸರಿಯೂ ಹೌದು. ಮೇಲ್‌ಗೆ ಬೇಡ. ಜಿಮೇಲ್ ತೋರಿಸುವುದಿಲ್ಲ, ಹಳೆಯ ಔಟ್‌ಲುಕ್ ತೋರಿಸುವುದಿಲ್ಲ. ಮೇಲಾಗಿ ಅಷ್ಟೂ ಚಿಹ್ನೆಗಳು ಎಚ್‌ಟಿಎಂಎಲ್ ತೂಕಕ್ಕೇ ಸೇರುತ್ತವೆ. ಎಚ್‌ಟಿಎಂಎಲ್ ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಅದನ್ನು ಅಲ್ಲಿಗೇ ಕತ್ತರಿಸಿ, ಪೂರ್ತಿ ನೋಡಲು ಒಂದು ಲಿಂಕ್ ಕೊಡುತ್ತದೆ.

ಎರಡನೆಯದು, ಚಿತ್ರವನ್ನು ಮೇಲ್‌ನ ಇನ್ನೊಂದು ಭಾಗವಾಗಿ ಬೇಸ್64ರಲ್ಲಿ ಸೇರಿಸಿ, ಅದಕ್ಕೊಂದು ಗುರುತು ಕೊಟ್ಟು, ಬರಹದೊಳಗೆ ಆ ಗುರುತನ್ನು ಕರೆಯುವುದು. ಆ ಗುರುತಿಗೆ ಕಂಟೆಂಟ್ ಐಡಿ, ಚಿಕ್ಕದಾಗಿ ಸಿಐಡಿ ಅನ್ನುತ್ತಾರೆ. ಜಿಮೇಲ್, ಔಟ್‌ಲುಕ್, ಆ್ಯಪಲ್ ಮೇಲ್ ಮೂರರಲ್ಲೂ ಚಿತ್ರ ಬರಹದ ನಡುವೆಯೇ ಕಾಣುತ್ತದೆ. ಬಳಗದ ಇನ್ನೂರು ಮನೆಗಳಿಗೆ ಕಳಿಸುವ ಕರೆಯೋಲೆಗೆ ಇದೇ ನನ್ನ ಆಯ್ಕೆ.

ಮೂರನೆಯದು, ಚಿತ್ರವನ್ನು ಯಾವುದಾದರೂ ಸರ್ವರ್‌ನಲ್ಲಿಟ್ಟು ಅದರ ವಿಳಾಸ ಕೊಡುವುದು. ಸಾವಿರಾರು ಜನರಿಗೆ ಹೋಗುವ ಪತ್ರಿಕೆಯಂಥ ಮೇಲ್‌ಗೆ ಇದು ಹಗುರ. ಆದರೆ ಓದುವವರ ಮೇಲ್‌ನಲ್ಲಿ ಹೊರಗಿನ ಚಿತ್ರಗಳನ್ನು ತಡೆಹಿಡಿದಿದ್ದರೆ ಅವರು ಒಪ್ಪಿಗೆ ಕೊಡುವ ತನಕ ಕಾಣುವುದಿಲ್ಲ. ಸರ್ವರ್‌ನಿಂದ ಅಳಿಸಿದ ದಿನ ಹಳೆಯ ಮೇಲ್‌ಗಳೆಲ್ಲ ಬೋಳಾಗುತ್ತವೆ.

ಸಿಐಡಿ ಅಂದರೆ ಹೆದರಬೇಕಿಲ್ಲ. ಜಿಮೇಲ್‌ನಲ್ಲಿ ಪಿಎನ್‌ಜಿಯನ್ನು ಬರೆಯುವ ಜಾಗದೊಳಗೆ ಎಳೆದು ಬಿಟ್ಟರೆ ಅಥವಾ ಫೋಟೋ ಸೇರಿಸುವಾಗ 'ಇನ್‌ಲೈನ್' ಆರಿಸಿದರೆ ಮೇಲ್ ಹೊರಡುವಾಗ ಅದು ಇದೇ ರೀತಿ ಕಟ್ಟಿಕೊಂಡು ಹೋಗುತ್ತದೆ. ಥಂಡರ್‌ಬರ್ಡ್ ಅನ್ನುವ ಮೇಲ್ ತಂತ್ರಾಂಶದಲ್ಲಿ 'ಇನ್ಸರ್ಟ್', 'ಇಮೇಜ್' ಕೊಟ್ಟು, ಚಿತ್ರವನ್ನು ಸಂದೇಶಕ್ಕೆ ಲಗತ್ತಿಸು ಅನ್ನುವ ಗುರುತು ಹಾಕಬೇಕು. ಅಲ್ಲೇ ಬದಲಿ ಪಠ್ಯದ (ಚಿತ್ರ ಕಾಣದಿದ್ದಾಗ ಅದರ ಬದಲು ಬರುವ ಬರಹ) ಜಾಗವೂ ಇದೆ, ಅಳತೆ ಕೊಡುವ ಟ್ಯಾಬ್ ಕೂಡ ಇದೆ. 400ರ ಚಿತ್ರಕ್ಕೆ 200 ಅಂತ ಅಲ್ಲಿ ಬರೆಯಿರಿ.

ಹೆಸರಿನ ಪಟ್ಟಿಯನ್ನು ಗೂಗಲ್ ಶೀಟ್ಸ್‌ನಲ್ಲಿಟ್ಟು ಆ್ಯಪ್ಸ್ ಸ್ಕ್ರಿಪ್ಟ್‌ನಿಂದ ಕಳಿಸುವವರಿಗೆ 'ಇನ್‌ಲೈನ್ ಇಮೇಜಸ್' ಅನ್ನುವ ಆಯ್ಕೆ ಇದೆ. ಚಿತ್ರ ಕೊಟ್ಟರೆ ಸಾಕು, ಬೇಸ್64 ಕೆಲಸ ಅದೇ ಮಾಡಿಕೊಳ್ಳುತ್ತದೆ. ಪೈಥಾನ್ ಬಳಸುವವರಿಗೆ ಜೊತೆಗೇ ಬರುವ 'ಇಮೇಲ್' ಮಾಡ್ಯೂಲ್ ಸಾಕು. ಅಲ್ಲಿ ಎಚ್‌ಟಿಎಂಎಲ್ ಭಾಗಕ್ಕೆ 'ಆ್ಯಡ್ ರಿಲೇಟೆಡ್' ಮೂಲಕ ಚಿತ್ರ ಸೇರಿಸಬೇಕು. ಎರಡು ಕಡೆ ಎಡವುತ್ತಾರೆ. ಒಂದು, ಚಿತ್ರದ ಭಾಗದಲ್ಲಿ ಗುರುತಿನ ಎರಡೂ ಬದಿ ಕೋನದ ಆವರಣ ಇರಬೇಕು, ಬರಹದೊಳಗೆ ಕರೆಯುವಾಗ ಅದು ಇರಬಾರದು. ಎರಡು, ಭಾಗಗಳ ಜೋಡಣೆ 'ರಿಲೇಟೆಡ್' ಬಗೆಯದಾಗಿರಬೇಕು. 'ಮಿಕ್ಸ್‌ಡ್' ಆದರೆ ಲೋಗೋ ಮೇಲ್‌ನ ತಳದಲ್ಲಿ ಲಗತ್ತಾಗಿ ಬಿದ್ದಿರುವ ಸಾಧ್ಯತೆ ಇದೆ.

ಬೇಸ್64 ಸಾಲನ್ನು ಕೈಯಾರೆ ತೆಗೆಯಬೇಕಾದ ಸಂದರ್ಭ ಬಂದರೆ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ 'ಬೇಸ್64' ಅನ್ನುವ ಆಜ್ಞೆಯೇ ಇದೆ. ಲಿನಕ್ಸ್‌ನದು 76ಕ್ಕೆ ಸಾಲು ಮುರಿಯುತ್ತದೆ, ಮ್ಯಾಕ್‌ನದು ಒಂದೇ ಉದ್ದ ಸಾಲು ಕೊಡುತ್ತದೆ. ವಿಂಡೋಸ್‌ನ ಸರ್ಟ್‌ಯುಟಿಲ್ ಅನ್ನುವ ಆಜ್ಞೆ ಬಳಸಿದರೆ ಮೊದಲ ಮತ್ತು ಕೊನೆಯ ಸಾಲಿನಲ್ಲಿ ಪ್ರಮಾಣಪತ್ರದ ತಲೆಬರಹ ಸೇರಿಕೊಂಡಿರುತ್ತದೆ, ಅವೆರಡನ್ನೂ ಅಳಿಸಿ.

ಯಾವ ದಾರಿಯಾದರೂ ಅಗಲವನ್ನು ಟ್ಯಾಗ್‌ನ 'ವಿಡ್ತ್' ಗುಣದಲ್ಲೇ ಬರೆಯಿರಿ. ಬರೀ ಸಿಎಸ್‌ಎಸ್‌ನಲ್ಲಿ (ಪುಟದ ಅಂದಚಂದ ಹೇಳುವ ಭಾಷೆ) ಹೇಳಿದರೆ ಹಳೆಯ ಔಟ್‌ಲುಕ್ ಕೇಳುವುದಿಲ್ಲ, 400ರ ಲೋಗೋ 400 ಆಗಿಯೇ ಹರಡಿಕೊಳ್ಳುತ್ತದೆ.

ಬದಲಿ ಪಠ್ಯವನ್ನು ಕನ್ನಡದಲ್ಲೇ ಕೊಡಿ. ಕಣ್ಣು ಕಾಣದವರ ಫೋನು ಅದನ್ನೇ ಓದಿ ಹೇಳುವುದು. 'ಲೋಗೋ1' ಅಂತ ಬರೆದರೆ ಅವರಿಗೇನು ಉಪಯೋಗ? 'ಕನ್ನಡ ಬಳಗದ ಲೋಗೋ' ಅಂತ ಬರೆಯಿರಿ. ಕಾರ್ಯಕ್ರಮದ ದಿನ, ಹೊತ್ತು, ಜಾಗ ಇವನ್ನು ಚಿತ್ರದೊಳಗೆ ಮಾತ್ರ ಇಡಬೇಡಿ, ಕೆಳಗೆ ಟೈಪ್ ಮಾಡಿ. ಚಿತ್ರದೊಳಗಿನ 'ಸಂಜೆ 6' ಅನ್ನು ಯಾರೂ ಆರಿಸಿ ಕ್ಯಾಲೆಂಡರಿಗೆ ಹಾಕಿಕೊಳ್ಳಲು ಆಗುವುದಿಲ್ಲ.

ಕಳಿಸುವ ಮುಂಚೆ

ಮೊದಲು ನಿಮಗೇ ಕಳಿಸಿಕೊಳ್ಳಿ. ನಂತರ ಔಟ್‌ಲುಕ್ ಬಳಸುವ ಒಬ್ಬರು, ಐಫೋನ್ ಇರುವ ಒಬ್ಬರು, ಡಾರ್ಕ್ ಮೋಡ್ ಹಾಕಿಕೊಂಡ ಒಬ್ಬರು, ಇಷ್ಟು ಜನಕ್ಕೆ ಕಳಿಸಿ, ಪರದೆಯ ಚಿತ್ರ ತೆಗೆದು ಕಳಿಸಲು ಹೇಳಿ. 'ಬಂತಾ?' ಅಂತ ಕೇಳಿದರೆ 'ಬಂತು' ಅಂತಾರೆ. ಹೇಗೆ ಬಂತು ಅನ್ನುವುದು ಪರದೆಯ ಚಿತ್ರದಲ್ಲೇ ಗೊತ್ತಾಗುವುದು.

ಏನೋ ಕಾಣುತ್ತಿಲ್ಲ ಅಂದರೆ ಜಿಮೇಲ್‌ನಲ್ಲಿ ಆ ಮೇಲ್ ತೆರೆದು, ಮೂರು ಚುಕ್ಕೆಯ ಮೆನುವಿನಲ್ಲಿ 'ಶೋ ಒರಿಜಿನಲ್' ಒತ್ತಿ. ಕೆಳಗೆ ಇಳಿಯುತ್ತಾ ಹೋದರೆ ಬೇಸ್64ರ ದೊಡ್ಡ ಗೋಡೆ ಸಿಗುತ್ತದೆ. ಅದರ ಮೊದಲ ಕೆಲವು ಚಿಹ್ನೆ ನೋಡಿದರೆ ಸಾಕು. ಪಿಎನ್‌ಜಿ ಆದರೆ ಸಣ್ಣ ಐ, ಆಮೇಲೆ ದೊಡ್ಡ ವಿ, ಬಿ, ಓ, ಆರ್. ಪ್ರತಿ ಪಿಎನ್‌ಜಿಯೂ ಒಂದೇ 8 ಬೈಟ್‌ಗಳಿಂದ ಶುರುವಾಗುವುದರಿಂದ ಇದು ಯಾವತ್ತೂ ಬದಲಾಗುವುದಿಲ್ಲ. ಜೆಪೆಗ್ ಆದರೆ ಓರೆ ಗೀಟು, 9, ಸಣ್ಣ ಜೆ. ಪಿ, ಎಚ್, ಎನ್, 2 ಅಂತಲೋ ಪಿ, ಡಿ, 9, 4 ಅಂತಲೋ ಶುರುವಾಗಿದ್ದರೆ ನೀವು ಸೇರಿಸಿದ್ದು ಇನ್ನೂ ಎಸ್‌ವಿಜಿಯನ್ನೇ. ಕಡತದ ಹೆಸರಿನ ಬಾಲ ಬದಲಿಸಿದ ಮಾತ್ರಕ್ಕೆ ಅದು ಪಿಎನ್‌ಜಿ ಆಗುವುದಿಲ್ಲ.

ಎಲ್ಲ ಸರಿ ಇದ್ದರೆ ಕಳಿಸಿ. ಆಮೇಲೆ ಮೂರು ಕಡತಗಳನ್ನೂ ಒಂದೇ ಫೋಲ್ಡರಿನಲ್ಲಿಡಿ: ಟೈಪ್ ಮಾಡಿದ ಮೂಲ ಎಸ್‌ವಿಜಿ, ಕರ್ವ್ಸ್ ಮಾಡಿದ ಪ್ರತಿ, 400ರ ಪಿಎನ್‌ಜಿ. ಮೂಲದಲ್ಲಿ ಬಳಸಿದ ಫಾಂಟಿನ ಹೆಸರನ್ನೂ ಒಂದು ಚೀಟಿಯಂತೆ ಅಲ್ಲೇ ಬರೆದಿಡಿ. ಯುಗಾದಿಗೆ ತಲೆಬರಹ ಬದಲಿಸಬೇಕಾದಾಗ ಬೇಕಾಗುವುದು ಆ ಮೂಲವೇ. ಕರ್ವ್ಸ್ ಪ್ರತಿಯಲ್ಲಿ ಒಂದು ಕೊಂಬನ್ನೂ ಟೈಪ್ ಮಾಡಿ ತಿದ್ದಲು ಆಗುವುದಿಲ್ಲ.